ಪ್ಯಾಡ್ ಸವೆದಾಗ ಕರಗುವ ದುಡ್ಡು

ನಮ್ಮೂರ ಗ್ಯಾರೇಜುಗಳಲ್ಲಿ ಪಿಕಪ್ ಗಾಡಿಯ ಮುಂದಿನ ಬ್ರೇಕ್ ಪ್ಯಾಡ್ ಬದಲಿಸಲು ಮಜೂರಿ 500–600 ರೂಪಾಯಿ. ಅಷ್ಟು ಉಳಿಸೋಕೆ ಮೈಕೈ ಕಪ್ಪು ಮಾಡಿಕೊಳ್ಳಬೇಕಾ ಎಂದು ಮನೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮಜೂರಿಯೊಂದನ್ನೇ ಲೆಕ್ಕ ಹಿಡಿದರೆ ಈ ಕೆಲಸ ಗಿಟ್ಟುವುದಿಲ್ಲ. ಆದರೂ ನಮ್ಮ ಬೊಲೆರೊ ಪಿಕಪ್ಪಿನ ಪ್ಯಾಡನ್ನು ನಾನು ಅಂಗಳದಲ್ಲೇ ಬದಲಿಸುವುದು, ಏಕೆಂದರೆ ಚಕ್ರ ಬಿಚ್ಚಿ ನೋಡುವ ಅಭ್ಯಾಸ ಇದ್ದವನಿಗೆ ದೊಡ್ಡ ಬಿಲ್ಲು ಬರುವುದು ಕಡಿಮೆ.

ಪ್ಯಾಡ್ ಸೆಟ್ಟಿಗೆ ನಾನು ಕೊಡುವುದು ಸುಮಾರು 1,500 ರೂಪಾಯಿ. ಅದರ ಘರ್ಷಣೆಯ ಪದರ 3 ಮಿಲಿಮೀಟರಿಗೆ ಇಳಿದಾಗಲೇ ತೆಗೆದರೆ ಖರ್ಚು ಅಷ್ಟಕ್ಕೇ ಮುಗಿಯಿತು. ಇನ್ನೊಂದು ಟ್ರಿಪ್ ಹೊಡೆಯೋಣ ಎಂದು ಬಿಟ್ಟರೆ ಪದರ ಪೂರ್ತಿ ಸವೆದು, ಹಿಂದಿನ ಕಬ್ಬಿಣದ ತಗಡು ಡಿಸ್ಕನ್ನು ಕೆರೆಯತೊಡಗುತ್ತದೆ. ಆಗ ಡಿಸ್ಕ್ ಜೋಡಿಗೆ ಐದು ಸಾವಿರದ ಹತ್ತಿರ, ಮೇಲೆ ಗಾಡಿ ನಿಂತ ದಿನದ ಬಾಡಿಗೆ ಖೋತಾ. ಬಾಡಿಗೆ ಹೋದದ್ದನ್ನು ಯಾವ ಗ್ಯಾರೇಜೂ ಬಿಲ್ಲಿನಲ್ಲಿ ಬರೆಯುವುದಿಲ್ಲ, ಹಾಗಾಗಿ ನಾವೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತೀರ್ಥಹಳ್ಳಿ ಕಡೆಯಿಂದ ಲೋಡ್ ಹೇರಿ ಆಗುಂಬೆ ಘಾಟಿಯ 14 ತಿರುವು ಇಳಿಯುವ ಗಾಡಿ ಇದು. ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುತ್ತೇನೆ ಎನ್ನುವ ಜಾಣರು ಈಗಲೂ ಇದ್ದಾರೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಇಂಜಿನ್ನುಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಕುಡಿಯುತ್ತಲೇ ಇರುತ್ತವೆ. ಡೀಸೆಲ್ಲೂ ಹೋಯಿತು, ಪ್ಯಾಡೂ ಹೋಯಿತು. ಕಾದ ಬ್ರೇಕ್ ಕೈಕೊಟ್ಟರೆ ಜೀವವೂ ಹೋಗುತ್ತದೆ.

ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಗಾಡಿ ಮಟ್ಟನೆಲದಲ್ಲಿರಬೇಕು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ ಆಮೇಲೆ ಜಾಕ್ ಏರಿಸುವುದು. ಗಾಡಿಯನ್ನು ಬರೀ ಜಾಕಿನ ಮೇಲೆ ನಂಬಿ ಬಿಡುವುದು ಬೇಡ. ಜಾಕ್ ಸ್ಟ್ಯಾಂಡಿಗೆ ಕೊಟ್ಟ ದುಡ್ಡನ್ನು ನಾನು ಖರ್ಚು ಎಂದೇ ಬರೆದುಕೊಂಡಿಲ್ಲ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡದೆ ತಂತಿಯಿಂದ ಕಟ್ಟುತ್ತೇನೆ. ಪಿಸ್ಟನ್ನನ್ನು ಕ್ಲಾಂಪಿನಿಂದ ಮೆಲ್ಲಗೆ ಒಳಗೆ ಒತ್ತಿದಂತೆ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತದೆ. ತುಂಬಿ ಚೆಲ್ಲಿದರೆ ಪೇಂಟ್ ತಿನ್ನುತ್ತದೆ, ಆದ್ದರಿಂದ ಕಣ್ಣು ಅಲ್ಲಿರಬೇಕು. ಜಾರುವ ಪಿನ್ನುಗಳು ಬಿಗಿದಿವೆಯಾ ನೋಡಿ, ಒರೆಸಿ, ಬ್ರೇಕಿನ ಗ್ರೀಸ್ ಸವರುವುದು. ಒಂದು ಪ್ಯಾಡ್ ತೆಳ್ಳಗಾಗಿ ಅದರ ಜೊತೆಯದು ದಪ್ಪಗೇ ಉಳಿದಿದ್ದರೆ ದೋಷ ಬಹುಮಟ್ಟಿಗೆ ಅಲ್ಲೇ. ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ತೆಗೆಯಿರಿ.

ಎಲ್ಲ ಕೂಡಿಸಿದ ಮೇಲೆ ಪೆಡಲ್ ಮೊದಲ ತುಳಿತಕ್ಕೆ ಮ್ಯಾಟಿನವರೆಗೂ ಹೋಗುತ್ತದೆ. ಕಾಲಿಗೆ ಗಟ್ಟಿ ಸಿಗುವ ತನಕ ತುಳಿಯದೆ ಗೇರಿಗೆ ಕೈ ಹಾಕಬಾರದು.

ಬಿಡಿಭಾಗ ಬಿಲ್ಲಿನೊಂದಿಗೇ ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳ ಜಿಎಸ್‌ಟಿ ಶೇ 18. ಶೇ 28ರ ಕಾಲದ ನೆಪ ಹೇಳಿ ಬಿಲ್ಲಿಲ್ಲದೆ ಕೊಡುವ ಡೂಪ್ಲಿಕೇಟ್ ಪ್ಯಾಡಿಗೆ ಮರುಳಾಗುವ ಕಾರಣ ಇನ್ನೂ ಕಡಿಮೆಯಾಗಿದೆ. ಹತ್ತು ಗಾಡಿಯೊಳಗಿನ ಮಾಲೀಕರು ಆದಾಯ ತೆರಿಗೆಗೆ ಅಂದಾಜು ಲಾಭದ ಪದ್ಧತಿ ಹಿಡಿದಿದ್ದರೆ ಇನ್ನೊಂದು ಮಾತು. ಇಂಥ ಸಣ್ಣ ಗಾಡಿಗೆ ತಿಂಗಳಿಗೆ 7,500 ರೂಪಾಯಿ ಲಾಭವೆಂದು ಹಿಡಿಯುತ್ತಾರೆ, ರಿಪೇರಿ ಖರ್ಚನ್ನು ಅದರಲ್ಲಿ ಬೇರೆಯಾಗಿ ಕಳೆಯುವಂತಿಲ್ಲ. ಗ್ಯಾರೇಜಿನ ಬಿಲ್ ಎಷ್ಟೇ ಬರಲಿ, ತೆರಿಗೆ ಒಂದು ಪೈಸೆ ಇಳಿಯದು. ಉಳಿಸಿದ್ದು ಪೂರ್ತಿ ನಿಮ್ಮ ಜೇಬಿಗೆ.

ಹಿಂದಿನ ಡ್ರಮ್ ಬ್ರೇಕಿಗೆ ಮಾತ್ರ ನಾನು ಕೈ ಹಾಕುವುದಿಲ್ಲ. ಸ್ಪ್ರಿಂಗು, ಅಡ್ಜಸ್ಟರು, ಸಿಲಿಂಡರು ಎಂದು ಅಲ್ಲಿ ತಾಪತ್ರಯ ಹೆಚ್ಚು, ಭಾರವೆಲ್ಲ ಕೂತಿರುವುದೂ ಆ ಚಕ್ರಗಳ ಮೇಲೇ. ಅದಕ್ಕೆ ಕೈ ಪಳಗಿದ ಮೆಕ್ಯಾನಿಕ್ ಇದ್ದಾನೆ. ಅವನ ಹತ್ತಿರ ನಾನು ಚೌಕಾಸಿ ಮಾಡುವುದಿಲ್ಲ.