ಕಾಫ್ಕನ ಕಥೆಗಳು ಮತ್ತು ನಮ್ಮ ಹೂವಿನ ಮರ

ಪ್ರಾಗ್ ನಗರದ ಫ್ರಾನ್ಜ್ ಕಾಫ್ಕ (1883–1924) ಜರ್ಮನ್ ಭಾಷೆಯಲ್ಲಿ ಬರೆದ ಕಥೆಗಾರ. ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ 1908ರಿಂದ 1922ರವರೆಗೆ ದುಡಿದವನು. ಕಾರ್ಖಾನೆಯಲ್ಲಿ ಅಂಗಹೀನರಾದವರ ಅಹವಾಲುಗಳನ್ನು ಹಗಲಿನಲ್ಲಿ ನೋಡಿ, ರಾತ್ರಿ ಕಥೆ ಬರೆಯುತ್ತಿದ್ದನು.

1915ರಲ್ಲಿ ಅಚ್ಚಾದ ‘ರೂಪಾಂತರ’ದ ಗ್ರೆಗರ್ ಸಾಮ್ಸ ಒಂದು ಮುಂಜಾನೆ ಕೀಟವಾಗಿ ಎಚ್ಚರಗೊಳ್ಳುತ್ತಾನೆ. ಆಗಲೂ ಅವನನ್ನು ಕಾಡುವುದು ತಪ್ಪಿಹೋದ ರೈಲು, ಕೆಲಸ, ತಂದೆಯ ಸಾಲ! ತಂಗಿ ಮೊದಮೊದಲು ಊಟ ತಂದಿಡುತ್ತಾಳೆ. ಕೊನೆಗೆ ಇದನ್ನು ತೊಲಗಿಸಲೇಬೇಕೆನ್ನುವವಳೂ ಅವಳೇ.

ರೂಪಾಂತರ ನಮಗೆ ಹೊಸದಲ್ಲ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಬಡ ತಾಯಿಯ ಕಷ್ಟ ನೋಡಲಾರದೆ ಮಗಳು ಹೂವಿನ ಮರವಾಗುತ್ತಾಳೆ. ಅಕ್ಕ ಕೊಂಬೆ ಮುರಿಯದಂತೆ ಹೂ ಬಿಡಿಸಿ, ನೀರು ಸುರಿದು, ಮತ್ತೆ ಹುಡುಗಿಯಾಗಿಸುತ್ತಾಳೆ. ಮದುವೆಯಾದ ಮೇಲೆ ನಾದಿನಿಯ ಗುಂಪು ಕೊಂಬೆ ಮುರಿಯುತ್ತದೆ. ಅವಳು ಕೈಕಾಲಿಲ್ಲದ ಮೋಟು ದೇಹವಾಗುತ್ತಾಳೆ. ಕಡೆಗೆ ಗಂಡನು ಮುರಿದ ಕೊಂಬೆಗಳನ್ನು ಕೂಡಿಸಿ ನೀರೆರೆಯುತ್ತಾನೆ. ಗಿರೀಶ ಕಾರ್ನಾಡರ ‘ಚೆಲುವಿ’ (1992) ಚಿತ್ರಕ್ಕೆ ಇದೇ ಆಧಾರ.

ಎರಡರಲ್ಲೂ ಮನೆಗಾಗಿ ಸವೆಯುವ ಮಕ್ಕಳಿದ್ದಾರೆ. ಜನಪದ ಕಥೆಯಲ್ಲಿ ನೀರೆರೆಯುವವರು ಒಬ್ಬರಾದರೂ ಉಂಟು; ಗ್ರೆಗರನಿಗೆ ಅಂಥವರಿಲ್ಲ. ಕಾಫ್ಕನ ಭಯಾನಕತೆ ಇರುವುದು ಕೀಟದಲ್ಲಲ್ಲ, ಸಂಬಳ ನಿಂತೊಡನೆ ಬದಲಾಗುವ ಮನೆಯವರ ಕಣ್ಣಿನಲ್ಲಿ.

ರಾಜಘಟ್ಟದಂಥ ಊರುಗಳಿಂದ ಬಂದು, ಮನೆಗೆ ಮೊದಲ ಪದವೀಧರರಾಗಲಿರುವ ನಮ್ಮಂಥವರ ಮೇಲೆ ಎಷ್ಟೋ ಜನರ ಆಸೆಯ ಭಾರವಿದೆ. ಆ ಭಾರವನ್ನು ಹೊರೋಣ. ಆದರೆ ದುಡಿಯಲಾರದವನೂ ಮನುಷ್ಯನೇ ಎಂಬುದನ್ನು ಈ ಕಥೆಗಳಿಂದ ಕಲಿತು ಹೊರೋಣ.