ಲೋಹದ ಹೊಗೆ ಮತ್ತು ಗರ್ಭದಲ್ಲಿರುವ ಮಗು

ತಾಮ್ರದ ಹಂಡೆಯಲ್ಲಿ ನೀರು ಕಾಯಿಸುವುದರಿಂದಾಗಲಿ, ಸತುವಿನ ಲೇಪವಿರುವ ತಗಡನ್ನು ಮನೆಗೆ ಹೊದಿಸುವುದರಿಂದಾಗಲಿ ಯಾರಿಗೂ ಕೇಡು ಉಂಟಾಗುವುದಿಲ್ಲ. ಗಟ್ಟಿಯಾಗಿರುವ ಲೋಹವು ನಮ್ಮ ಉಸಿರಿನೊಳಗೆ ಸೇರಲಾರದು. ಆದರೆ ಅದೇ ಲೋಹವು ಬೆಂಕಿಯ ಕಾವಿನಲ್ಲಿ ಆವಿಯಾಗಿ ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿದಾಗ, ಲೋಹದ ಆಕ್ಸೈಡ್ ಎಂಬ ಅತಿ ನಯವಾದ ಪುಡಿಯಾಗಿ ಹೊಗೆಯಂತೆ ಮೇಲೇಳುತ್ತದೆ. ಈ ಪುಡಿಯ ಕಣಗಳನ್ನು ಅಳೆಯಲು ನ್ಯಾನೋಮೀಟರ್ ಎಂಬ ಅಳತೆಯನ್ನು ಬಳಸುತ್ತಾರೆ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್‌ವರೆಗಿನ ಕಣಗಳಿಗೆ ನ್ಯಾನೋ ಕಣಗಳೆಂದು ಹೆಸರು.

ಕಣ ಸಣ್ಣದಾದಷ್ಟೂ ಅದರ ಪ್ರಭಾವ ಹೆಚ್ಚುವುದೇಕೆ? ಇಡೀ ರಾಗಿಯ ಕಾಳು ನೀರಿನಲ್ಲಿ ಬಹಳ ಹೊತ್ತು ಕಾಳಾಗಿಯೇ ಉಳಿಯುತ್ತದೆ, ಹಿಟ್ಟಾದರೆ ಕ್ಷಣದಲ್ಲಿ ಕಲಸಿಹೋಗುತ್ತದೆ. ಒಂದು ಸೆಂಟಿಮೀಟರ್ ಅಗಲ, ಉದ್ದ, ಎತ್ತರವುಳ್ಳ ಲೋಹದ ತುಂಡಿನ ಹೊರಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೋಮೀಟರಿನ ತುಂಡುಗಳಾಗಿ ಕತ್ತರಿಸಿದರೆ ಎಲ್ಲ ತುಂಡುಗಳ ಹೊರಮೈ ಸೇರಿ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆಯಾಗುತ್ತದೆ. ಅಷ್ಟು ವಿಸ್ತಾರವಾದ ಮೈ ನಮ್ಮ ಶ್ವಾಸಕೋಶದ ಜೀವಕೋಶಗಳಿಗೆ ತಗುಲಿದಾಗ ಅಲ್ಲಿ ಉರಿಯೂತ ಉಂಟಾಗುವುದು ಆಶ್ಚರ್ಯವಲ್ಲ.

ಇದಕ್ಕೆ ಅತ್ಯಂತ ಹಳೆಯ ದೃಷ್ಟಾಂತವೆಂದರೆ ಬೆಸುಗೆಯ ಜ್ವರ. ಸತುವಿನ ಲೇಪವಿರುವ ಜಿ.ಐ. ಪೈಪು ಅಥವಾ ತಗಡಿಗೆ ವೆಲ್ಡಿಂಗ್ ಮಾಡುವಾಗ ಬಿಳಿಯ ಹೊಗೆ ಏಳುತ್ತದೆ. ಅದು ಸತುವಿನ ಆಕ್ಸೈಡ್. ಮುಚ್ಚಿದ ಕೋಣೆಯಲ್ಲಿ ಅದನ್ನು ಸೇವಿಸಿದವರಿಗೆ ಕೆಲವು ಗಂಟೆಗಳ ನಂತರ, ಸಾಮಾನ್ಯವಾಗಿ ಮನೆಗೆ ಬಂದು ಸಂಜೆಯಾದ ಮೇಲೆ, ಬಾಯಿಯಲ್ಲಿ ಲೋಹದ ರುಚಿ, ಗಂಟಲು ಒಣಗುವಿಕೆ, ಚಳಿ, ಜ್ವರ, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಮನೆಯವರು ಮಲೇರಿಯ ಎಂದು ಭಾವಿಸುವುದುಂಟು. ಒಂದೆರಡು ದಿನಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ರಜೆಯ ಮರುದಿನ ಹೆಚ್ಚಾಗಿ ಬರುವುದರಿಂದ ಇದಕ್ಕೆ ಸೋಮವಾರದ ಜ್ವರವೆಂಬ ಅಡ್ಡಹೆಸರೂ ಇದೆ. ಹಾಲು ಕುಡಿದರೆ ಅಥವಾ ಬೆಲ್ಲ ತಿಂದರೆ ಇದು ಬರುವುದಿಲ್ಲವೆಂಬ ನಂಬಿಕೆಯಲ್ಲಿ ಹುರುಳಿಲ್ಲ. ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡುವುದು, ಸಾಧ್ಯವಾದರೆ ಬೆಸುಗೆಯ ಜಾಗದ ಲೇಪವನ್ನು ಮೊದಲೇ ಉಜ್ಜಿ ತೆಗೆಯುವುದು, ಇವು ನಿಜವಾದ ರಕ್ಷಣೆ. ಜ್ವರದೊಡನೆ ಉಬ್ಬಸ ಹೆಚ್ಚುತ್ತಾ ಹೋದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸತುವಿನ ಜ್ವರ ಬಂದು ಹೋಗುತ್ತದೆ. ಬಂದು ಹೋಗದೆ ಮೈಯಲ್ಲೇ ನೆಲೆಸುವ ಇನ್ನೊಂದು ಲೋಹವಿದೆ, ಅದರ ಹೆಸರು ಕ್ಯಾಡ್ಮಿಯಂ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ದಂಪತಿಗಳು ಇದನ್ನು ವಿಶೇಷವಾಗಿ ತಿಳಿದುಕೊಳ್ಳಬೇಕು. ಇದು ವರ್ಜೀನಿಯ ಹೊಗೆಸೊಪ್ಪಿನ ಸೀಮೆ. ಹೊಗೆಸೊಪ್ಪಿನ ಗಿಡಕ್ಕೆ ಮಣ್ಣಿನಲ್ಲಿ ಅಲ್ಪಸ್ವಲ್ಪವಿರುವ ಕ್ಯಾಡ್ಮಿಯಂ ಅನ್ನು ಹೀರಿ ಎಲೆಯಲ್ಲಿ ಶೇಖರಿಸುವ ಗುಣವಿದೆ. ಕ್ಯಾಡ್ಮಿಯಂ ಇರುವುದು ಕಂಪಲಾಪುರದ ಹರಾಜಿಗೆ ಬರುವ ಎಲೆಯಲ್ಲಿ ಮಾತ್ರವೆಂದು ತಿಳಿಯಬಾರದು, ಜಗತ್ತಿನ ಎಲ್ಲ ಕಡೆಯ ಹೊಗೆಸೊಪ್ಪಿನಲ್ಲೂ ಅದು ಇರುತ್ತದೆ. (ಹಸಿ ಎಲೆ ಕೀಳುವಾಗ ಬರುವ ತಲೆಸುತ್ತು, ವಾಂತಿ ಬೇರೆ ವಿಷಯ. ಅದಕ್ಕೆ ಕಾರಣ ಚರ್ಮದ ಮೂಲಕ ಒಳಸೇರುವ ನಿಕೋಟಿನ್.) ಬೀಡಿಯ ತುದಿಯ ಕೆಂಡದಲ್ಲಿ ಈ ಲೋಹವು ಆವಿಯಾಗಿ, ಸೂಕ್ಷ್ಮ ಕಣಗಳಾಗಿ ಹೊಗೆಯೊಡನೆ ಎದೆಗೂಡನ್ನು ಸೇರುತ್ತದೆ. ಊಟದಲ್ಲಿ ಹೊಟ್ಟೆಗೆ ಹೋದ ಕ್ಯಾಡ್ಮಿಯಂನಲ್ಲಿ ನೂರಕ್ಕೆ ಸುಮಾರು 5 ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಹೊಗೆಯಲ್ಲಿ ಶ್ವಾಸಕೋಶಕ್ಕೆ ಇಳಿದದ್ದರಲ್ಲಾದರೋ ಅರ್ಧದವರೆಗೂ ಸೇರಬಲ್ಲದು. ಹೀಗೆ ಸೇರಿದ ಲೋಹವು ಮೂತ್ರಪಿಂಡಗಳಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಧೂಮಪಾನ ಮಾಡುವವರ ದೇಹದಲ್ಲಿ ಮಾಡದವರಿಗಿಂತ ಸುಮಾರು ಇಮ್ಮಡಿ ಕ್ಯಾಡ್ಮಿಯಂ ಇರುತ್ತದೆ.

ಗರ್ಭಿಣಿಯ ದೇಹದಲ್ಲಿ ಕ್ಯಾಡ್ಮಿಯಂನ ಬಹುಭಾಗವನ್ನು ಮಾಸು, ಅಂದರೆ ಕಸ, ತಡೆದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಇದು ಒಳ್ಳೆಯದೇ ಎನಿಸಬಹುದು. ಆದರೆ ಮಗುವಿನ ಬೆಳವಣಿಗೆಗೆ ಅವಶ್ಯವಾದ ಸತುವಿನ ಸಾಗಣೆಗೆ ಅದರಿಂದ ಅಡ್ಡಿಯಾಗುತ್ತದೆ, ಮಗುವಿನ ತೂಕ ಕುಗ್ಗುವ ಸಂಭವವಿದೆ. ಎಲ್ಲ ಕಣಗಳನ್ನೂ ಮಾಸು ತಡೆಯಬಲ್ಲದೆಂಬ ಭರವಸೆಯೂ ಇಲ್ಲ. 2011ರಲ್ಲಿ ಜಪಾನಿನ ವಿಜ್ಞಾನಿಗಳು ಗಬ್ಬದ ಇಲಿಗಳ ರಕ್ತಕ್ಕೆ 70 ನ್ಯಾನೋಮೀಟರಿನ ಸಿಲಿಕಾ ಕಣಗಳನ್ನೂ 35 ನ್ಯಾನೋಮೀಟರಿನ ಟೈಟಾನಿಯಂ ಆಕ್ಸೈಡ್ ಕಣಗಳನ್ನೂ ಚುಚ್ಚಿ ಪರೀಕ್ಷಿಸಿದರು. ಕಣಗಳು ಮಾಸನ್ನು ದಾಟಿ ಮರಿಗಳ ಯಕೃತ್ತು ಮತ್ತು ಮಿದುಳಿನಲ್ಲಿ ಕಂಡುಬಂದವು, ಮರಿಗಳು ಸಣ್ಣವಾದವು. ಅದೇ ಸಿಲಿಕಾದ ದಪ್ಪ ಕಣಗಳಿಂದ ಆ ತೊಂದರೆ ಆಗಲಿಲ್ಲ. ಇಲಿಯ ಪರೀಕ್ಷೆಯನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದಿದ್ದರೂ, ಗರ್ಭಿಣಿಯನ್ನು ಹೊಗೆ ದೂಳಿನಿಂದ ದೂರವಿಡಲು ಇಷ್ಟು ಸಾಕು.

ಹಲವು ಸಲ ಹೆತ್ತ, ರಕ್ತ ಕಡಿಮೆಯಿರುವ ತಾಯಿಗೆ ಅಪಾಯ ಇನ್ನೂ ಹೆಚ್ಚು. ಜಪಾನಿನ ಜಿಂಜು ನದಿಗೆ ಗಣಿಯ ನೀರು ಸೇರಿ ಅಕ್ಕಿಯಲ್ಲಿ ಕ್ಯಾಡ್ಮಿಯಂ ಬೆರೆತು, ಮೂಳೆ ಮುರಿಯುವಂಥ ನೋವಿನ ರೋಗ ಹರಡಿತು. ಅಲ್ಲಿನ ಸರ್ಕಾರ 1968ರಲ್ಲಿ ಇದನ್ನು ಒಪ್ಪಿಕೊಂಡಿತು. ನರಳಿದವರಲ್ಲಿ ಬಹುಮಂದಿ ಹಲವು ಮಕ್ಕಳನ್ನು ಹೆತ್ತ ನಡುವಯಸ್ಸಿನ ಹೆಂಗಸರು. ಕಬ್ಬಿಣದ ಅಂಶ ಕಡಿಮೆಯಿರುವ ದೇಹವು ಆಹಾರದಿಂದ ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಆಶಾ ಕಾರ್ಯಕರ್ತೆ ಉಚಿತವಾಗಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ಹೆರಿಗೆಯವರೆಗೆ ದಿನಕ್ಕೊಂದರಂತೆ, ಹೆರಿಗೆಯ ಬಳಿಕ ಇನ್ನೂ 180 ದಿನ ತಪ್ಪದೆ ಸೇವಿಸಬೇಕು. ಕಾಫಿ, ಚಹಾದೊಡನೆ ನುಂಗಬಾರದು. ಮಕ್ಕಳ ನಡುವೆ ಅಂತರವಿಟ್ಟುಕೊಳ್ಳುವ ಸಲಹೆಗೆ ಇದೂ ಒಂದು ಕಾರಣ.

ಗಂಡ ಜಗಲಿಯಲ್ಲಿ ಕುಳಿತು ಸೇದಿದ ಬೀಡಿಯ ಹೊಗೆ ಒಳಮನೆಗೂ ಬರುತ್ತದೆ, ಬಸುರಿಯ ಉಸಿರಿಗೂ ಸೇರುತ್ತದೆ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುವ ಹೆಂಗಸರು, ಹೊಗೆ ಇಲ್ಲವಾದ್ದರಿಂದ ದೋಷವಿಲ್ಲವೆಂದು ತಿಳಿಯುತ್ತಾರೆ. ಅದೂ ಮಗುವಿನ ತೂಕವನ್ನು ಕುಗ್ಗಿಸುತ್ತದೆ. ಬೆಳೆಯಿಂದ ಸಂಸಾರ ನಡೆಯುವುದು ಒಂದು, ಆ ಬೆಳೆಯನ್ನು ತಾನೇ ಸೇದುವುದು ಮತ್ತೊಂದು. ಎರಡನ್ನೂ ಕೂಡಿಸಬೇಕಾದ ಅಗತ್ಯವಿಲ್ಲ.

ಈಚೆಗೆ ನ್ಯಾನೋ ಎಂಬ ಹೆಸರಿನ ದ್ರವ ಗೊಬ್ಬರಗಳು ಬಂದಿವೆ. ಇಫ್ಕೋ ಸಂಸ್ಥೆಯ ನ್ಯಾನೋ ಯೂರಿಯ 2021ರಲ್ಲಿ ಬಂದಿತು. ಅದರಲ್ಲಿ ಲೋಹವಿಲ್ಲ. ಸತುವಿನ ಅಥವಾ ತಾಮ್ರದ ನ್ಯಾನೋ ಕಣಗಳಿರುವ ದ್ರವಗಳಾದರೆ ಎಚ್ಚರ ಬೇಕು. 2008ರಲ್ಲಿ ಎಸ್ಟೋನಿಯಾದ ವಿಜ್ಞಾನಿಗಳು ಮೀನುಗಳಿಗೆ ಆಹಾರವಾದ ನೀರುಚಿಗಟಗಳ ಮೇಲೆ ಪರೀಕ್ಷಿಸಿದಾಗ, ತಾಮ್ರದ ಆಕ್ಸೈಡಿನ ನ್ಯಾನೋ ಕಣಗಳು ಅದರ ಸಾಧಾರಣ ಪುಡಿಗಿಂತ ಹತ್ತಾರು ಪಟ್ಟು ಹೆಚ್ಚು ವಿಷಕಾರಿಯಾಗಿ ಕಂಡವು. ಸಿಂಪಡಿಸಿದ ಡಬ್ಬಿಯನ್ನು ಕೆರೆಕಟ್ಟೆಯಲ್ಲಿ ತೊಳೆಯಬಾರದು. ಬಾಯಿ ಮೂಗಿಗೆ ಮುಸುಕು ಕಟ್ಟಿ ಸಿಂಪಡಿಸಬೇಕು. ಬಟ್ಟೆಯನ್ನು ಮನೆಮಂದಿಯ ಬಟ್ಟೆಯೊಡನೆ ಹಾಕದೆ ಬೇರೆಯಾಗಿ ಒಗೆಯಬೇಕು. ಹೆಂಡತಿ ಗರ್ಭಿಣಿಯಾಗಿದ್ದರೆ ಅದನ್ನು ಗಂಡನೇ ಒಗೆಯುವುದು ಯುಕ್ತ.

ತಪಾಸಣೆಗೆ ಹೋದಾಗ ಆರೋಗ್ಯ ಸಹಾಯಕಿಯ ಬಳಿ ಗಂಡನ ಕೆಲಸವನ್ನೂ ಹೇಳಿರಿ: ವೆಲ್ಡಿಂಗ್, ಹಳೆಯ ಬ್ಯಾಟರಿ ಬಿಚ್ಚುವುದು, ಬ್ಯಾರನ್ ಕೆಲಸ, ಬಣ್ಣ ಬಳಿಯುವುದು, ಏನಿದ್ದರೂ. ತಾಯಿ ಕಾರ್ಡಿನಲ್ಲಿ ಅದನ್ನು ಬರೆಸಿಕೊಂಡರೆ ವೈದ್ಯರಿಗೆ ಮುಂದೆ ಅನುಕೂಲವಾಗುತ್ತದೆ.