ಹಳೆಯ ಕಾರಿನ ಪೆಟ್ರೋಲ್ ಪಂಪು: ದೋಷ ಪತ್ತೆಹಚ್ಚುವ ಕ್ರಮ

ಕಾಪು, ಶಂಕರಪುರ ಕಡೆಯ ಮಲ್ಲಿಗೆ ಬೆಳೆಗಾರರಿಗೆ ಹೊತ್ತೇ ಹಣ. ಕಟ್ಟಿದ ಹೂವು ಸಮಯಕ್ಕೆ ಕಟ್ಟೆಗೆ ಸೇರದಿದ್ದರೆ ಆ ದಿನದ ದುಡಿಮೆ ಹೋದಂತೆ. ಮಲ್ಲಿಗೆ ನಾಳೆಗೆ ಇಟ್ಟುಕೊಳ್ಳುವ ಮಾಲಲ್ಲ. ಇಂತಹ ಸಾಗಾಟಕ್ಕೆ ಕಾರ್ಬುರೇಟರ್ ಇರುವ ಹಳೆಯ ಅಂಬಾಸಿಡರ್, ಪದ್ಮಿನಿ, ಮಾರುತಿ 800 ಅಥವಾ ಓಮ್ನಿಯನ್ನು ಉಳಿಸಿಕೊಂಡಿರುವವರು ಪೆಟ್ರೋಲ್ ಪಂಪಿನ ವಿಷಯವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಡೀಸೆಲ್ ಗಾಡಿಗಳಿಗೂ, ಟ್ಯಾಂಕಿನೊಳಗೆ ವಿದ್ಯುತ್ ಪಂಪು ಇರುವ ಈಚಿನ ಕಾರುಗಳಿಗೂ ಇಲ್ಲಿ ಹೇಳಿರುವ ಕ್ರಮ ಅನ್ವಯಿಸುವುದಿಲ್ಲ.

ಕಾಪುವಿನಿಂದ ಉಡುಪಿಯವರೆಗಿನ ಸಮತಟ್ಟು ಹೆದ್ದಾರಿಯಲ್ಲಿ ಚೆನ್ನಾಗಿ ಓಡಿದ ಕಾರು ಮಣಿಪಾಲದ ಏರಿನಲ್ಲಿ ಮುಗ್ಗರಿಸಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಪುನಃ ಹೊರಡುತ್ತದೆ. ಸೇರಿದವರೆಲ್ಲ ಪಂಪು ಹೋಗಿದೆ ಎನ್ನುತ್ತಾರೆ. ಹೊಸ ಪಂಪು ಹಾಕಿಸಿ ಕಾರ್ಕಳಕ್ಕೆ ಹೊರಟರೆ ಹಿರಿಯಡ್ಕದಲ್ಲಿ ಮತ್ತೆ ಅದೇ ಪಾಡು. ದೋಷ ಪಂಪಿನದಾಗಿರದೆ ಟ್ಯಾಂಕಿನ ಮುಚ್ಚಳದ್ದೋ ಸೋಸುಕದ್ದೋ ಆಗಿದ್ದರೆ ಹೀಗಾಗುವುದು ಸಹಜ.

ಪಂಪಿನ ಕೆಲಸ ಸರಳ. ಎಂಜಿನ್ನಿನ ಕ್ಯಾಮ್ ಸನ್ನೆಯನ್ನು ಒತ್ತಿದಾಗ ಡಯಾಫ್ರಂ ಎಂಬ ತೆಳು ಪೊರೆ ಹಿಂದೆ ಸರಿದು ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಸ್ಪ್ರಿಂಗ್ ಅದನ್ನು ಕಾರ್ಬುರೇಟರಿಗೆ ದೂಡುತ್ತದೆ. ಒಳಬರುವ ದಾರಿಗೊಂದು, ಹೊರಹೋಗುವ ದಾರಿಗೊಂದು ಕವಾಟವಿದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಗುಂಡಿನಡಿ ಕಸ ಸಿಕ್ಕಿಕೊಂಡರೆ ಏನಾಗುವುದೆಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ನೋಡಬೇಕು. ಹಳೆಯ ಗಾಡಿಯ ಮುಳ್ಳನ್ನು ನಂಬುವಂತಿಲ್ಲ. ಮುಚ್ಚಳ ತೆರೆಯುವಾಗ ಉಸ್ಸೆಂದು ಗಾಳಿ ಒಳಗೆ ಎಳೆದು, ಅನಂತರ ಎಂಜಿನ್ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದು ತಿಳಿಯಬಹುದು.

ಅನಂತರದ ಪರೀಕ್ಷೆಯನ್ನು ಎಂಜಿನ್ ತಣಿದ ಮೇಲೆ, ಬಯಲಿನಲ್ಲಿ, ಬೀಡಿ ಸಿಗರೇಟಿನಿಂದ ದೂರವಿದ್ದು ಮಾಡತಕ್ಕದ್ದು. ಕಿಡಿ ಹಾರದಂತೆ ಇಗ್ನಿಷನ್ ಕಾಯಿಲಿಗೆ ವಿದ್ಯುತ್ ತರುವ ಸಣ್ಣ ತಂತಿಯನ್ನು ಬಿಚ್ಚಿ, ಅದರ ತುದಿ ಲೋಹಕ್ಕೆ ತಾಗದಂತೆ ಬಟ್ಟೆ ಸುತ್ತಬೇಕು. ಕಾರ್ಬುರೇಟರಿಗೆ ಹೋಗುವ ಕೊಳವೆಯನ್ನು ಕಳಚಿ, ಪೆಟ್ರೋಲಿಗೆ ಕರಗದ ಪಾತ್ರೆಯೊಳಗೆ ಇಳಿಬಿಟ್ಟು, ಸ್ಟಾರ್ಟರನ್ನು ಹತ್ತು ಸೆಕೆಂಡು ತಿರುಗಿಸಬೇಕು. ನಾಡಿ ಬಡಿದಂತೆ ಪೆಟ್ರೋಲ್ ಜೋರಾಗಿ ಚಿಮ್ಮಿದರೆ ಪಂಪನ್ನು ದೂರಿ ಫಲವಿಲ್ಲ. ಕಾರ್ಬುರೇಟರಿನ ಜಾಲರಿ, ತೇಲುಗುಂಡಿನ ಸೂಜಿ ಹಾಗೂ ಕಿಡಿಯ ವ್ಯವಸ್ಥೆಯನ್ನು ನೋಡಬೇಕು.

ಪೆಟ್ರೋಲ್ ಬಾರದಿದ್ದರೂ ಪಂಪು ಕೆಟ್ಟಿತೆಂದು ತೀರ್ಮಾನಿಸಕೂಡದು. ಟ್ಯಾಂಕಿನಿಂದ ಬರುವ ಕೊಳವೆಯನ್ನು ಪಂಪಿನ ಬಳಿ ಕಳಚಿ, ಅದರ ಬದಲು ಒಂದು ಹೊಸ ತುಂಡು ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಶುದ್ಧ ಪೆಟ್ರೋಲ್ ಇರುವ ಸಣ್ಣ ಡಬ್ಬಿಯಲ್ಲಿ ಮುಳುಗಿಸಿ ಮತ್ತೆ ತಿರುಗಿಸಬೇಕು. ಈಗ ಚಿಮ್ಮಿದರೆ ಸೋಸುಕ ಕಟ್ಟಿದೆ, ಇಲ್ಲವೆ ಬಿರುಕುಬಿಟ್ಟ ರಬ್ಬರ್ ಕೊಳವೆ ಗಾಳಿ ಎಳೆಯುತ್ತಿದೆ. ಈಗಲೂ ಬಾರದಿದ್ದರೆ ದೋಷ ಪಂಪಿನದೇ. ಬಾಯಿಯಿಂದ ಪೆಟ್ರೋಲ್ ಎಳೆದು ನೋಡುವ ಅಭ್ಯಾಸ ಕೆಲವರಲ್ಲಿದೆ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಬೇಸಿಗೆಯ ಮಧ್ಯಾಹ್ನ ಬಿಸಿ ಎಂಜಿನ್ ನಿಲ್ಲಿಸಿದ ಬಳಿಕ ಮಾತ್ರ ತೊಂದರೆ ಕಂಡು, ತಣಿದೊಡನೆ ಸರಿಹೋಗುವುದಾದರೆ ಪೆಟ್ರೋಲ್ ಕೊಳವೆಯಲ್ಲಿ ಆವಿಯಾಗಿರುವ ಸಂಭವ ಹೆಚ್ಚು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಗಾಡಿ ಮನೆ ಸೇರೀತು.

ಡಯಾಫ್ರಂ ಹರಿದಿದ್ದರೆ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಪೆಟ್ರೋಲ್ ತೊಟ್ಟಿಕ್ಕಬಹುದು. ಹೊರಗೆ ಕಾಣದೆ ಎಂಜಿನ್ನಿನೊಳಗೆ ಇಳಿಯುವುದೂ ಉಂಟು. ಇದು ಹೆಚ್ಚು ಅಪಾಯಕರ. ಎಣ್ಣೆಯ ಅಳತೆಕೋಲನ್ನು ಎಳೆದು ನೋಡಿದಾಗ ಮಟ್ಟ ಏರಿದ್ದು, ಎಣ್ಣೆ ತೆಳುವಾಗಿ ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ನನ್ನು ಒಂದು ಸುತ್ತೂ ತಿರುಗಿಸಕೂಡದು. ತೆಳುವಾದ ಎಣ್ಣೆಯಿಂದ ಬೇರಿಂಗುಗಳು ಸವೆದುಹೋಗುತ್ತವೆ. ಒಳಗೆ ತುಂಬಿದ ಆವಿಗೆ ಬೆಂಕಿ ತಗಲುವ ಭಯವೂ ಇದೆ. ಪಂಪು ಬದಲಿಸಿದರೆ ಸಾಲದು, ಎಣ್ಣೆಯನ್ನೂ ಅದರ ಸೋಸುಕವನ್ನೂ ಬದಲಿಸಿಯೇ ಹೊರಡಬೇಕು. ಸಾವಿರ ರೂಪಾಯಿಯ ಎಣ್ಣೆ ಉಳಿಸಲು ಹೋಗಿ ಎಂಜಿನ್ ಕಳೆದುಕೊಳ್ಳುವುದು ಯಾವ ಲೆಕ್ಕ?

ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು 2025ರಲ್ಲಿ ಶೇಕಡ 20ಕ್ಕೆ ಮುಟ್ಟಿತು. ಎಥನಾಲಿಗೆಂದು ತಯಾರಿಸದ ಹಳೆಯ ರಬ್ಬರು ಅದರಲ್ಲಿ ಉಬ್ಬಿ, ಕ್ರಮೇಣ ಬಿರುಕು ಬಿಡಬಹುದು. ಎಥನಾಲ್ ನೀರಿನಂಶವನ್ನೂ ಹೀರುತ್ತದೆ. ಆಷಾಢದ ಮಳೆಯಲ್ಲಿ ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಅರೆಬರಿದಾದ ಟ್ಯಾಂಕಿಗೆ ಕರಾವಳಿಯ ತೇವ ಸೇರಿ, ತುಕ್ಕು ಹಿಡಿದು, ಆ ತುಕ್ಕೇ ಸೋಸುಕಕ್ಕೆ ಬರುತ್ತದೆ. ಬಿಡಿಭಾಗ ಕೊಳ್ಳುವಾಗ ಶೇಕಡ 20ರ ಎಥನಾಲಿಗೆ ತಕ್ಕ ಡಯಾಫ್ರಂ ಮತ್ತು ಕೊಳವೆಗಳನ್ನೇ ಕೇಳಿ ಪಡೆಯಬೇಕು.

ಪಂಪಿಗೂ ಎಂಜಿನ್ನಿಗೂ ನಡುವೆ ಇದ್ದ ದಪ್ಪ ತುಂಡು ಮತ್ತು ಗ್ಯಾಸ್ಕೆಟ್ಟುಗಳನ್ನು ಮೊದಲಿನಷ್ಟೇ ದಪ್ಪಕ್ಕೆ ಜೋಡಿಸಬೇಕು. ದಪ್ಪ ಕಡಿಮೆಯಾದರೆ ಸನ್ನೆ ಮಿತಿಮೀರಿ ಒತ್ತಿ ಹೊಸ ಡಯಾಫ್ರಂ ಬೇಗನೆ ಹರಿಯುತ್ತದೆ; ಹೆಚ್ಚಾದರೆ ಪಂಪು ಸಾಕಷ್ಟು ಎಳೆಯುವುದಿಲ್ಲ. ಜೋಡಿಸಿ ಐದು ನಿಮಿಷ ಓಡಿಸಿ, ಕೀಲುಗಳಲ್ಲಿ ಒಸರುವುದೇ ಎಂದು ನೋಡಬೇಕು. ಇಳಿಸಿದ ಪೆಟ್ರೋಲ್ ಬೆರೆತ ಎಣ್ಣೆಯನ್ನು ತೋಟದ ಕಣಿಗೂ ಬಾವಿಯ ಬದಿಗೂ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.